ಶನಿವಾರಕ್ಕೆ ಮುಂಚೆ

ದೊಡ್ಡದು ಶನಿವಾರ. ಅದಕ್ಕೆ ಉಲಾನ್‌ಬಾತರಿನಿಂದ
ಇಬ್ಬರು ಬರುತ್ತಾರೆ, ನಿರ್ದೇಶಕರು ಕೇಕು ಹೇಳಿಟ್ಟಿದ್ದಾರೆ.
ಇವತ್ತಿನ್ನೂ ಮಂಗಳವಾರ. ರಾತ್ರಿ ಎರಡು.
ದಾರ್ಖಾನಿನ ರಕ್ತನಿಧಿಯ ನೆಲಮಾಳಿಗೆಯಲ್ಲಿ
ಒಬ್ಬಳೇ ಕೂತು ಸಣ್ಣವನ್ನು ಮುಗಿಸುತ್ತಿದ್ದೇನೆ.

ಹೊರಗೆ ಮೈನಸ್ ಮೂವತ್ತೆಂಟು.
ಒಳಗೆ ಸರ್ವರಿಗೆ ಮಾತ್ರ ಸೆಕೆ,
ಅದರ ಬೆನ್ನಿಗೆ ಫ್ಯಾನು, ನನ್ನ ಬೆನ್ನಿಗೆ ಕುರಿತುಪ್ಪಟ.

ನೂರಾ ಹದಿನೇಳು ಅಪ್‌ಡೇಟ್ ಬಾಕಿ ಎನ್ನುತ್ತದೆ ಪರದೆ.
ನಾಲ್ಕು ವರ್ಷದಿಂದ ಒಂದನ್ನೂ ಹಾಕಿಲ್ಲ.
ನನಗೆ ಮೊದಲಿದ್ದ ಗೊಂಚಿಗ್ ಹೇಳುತ್ತಿದ್ದ:
ಓಡುವ ಕುದುರೆಯ ಲಾಳ ಬಿಚ್ಚಬೇಡ.
ಮಾತು ಚೆನ್ನಾಗಿದೆ.
ನಮ್ಮ ಕಡೆ ಕುದುರೆಗೆ ಲಾಳ ಹೊಡೆಯುವುದೇ ಇಲ್ಲ,
ಅದು ಬೇರೆ ವಿಷಯ.

ಶನಿವಾರ ಬರುವ ಹೊಸ ವ್ಯವಸ್ಥೆಗೆ
ಹಳೆಯದರ ಕೊನೆಯ ಮೆಟ್ಟಿಲಷ್ಟೇ ಪರಿಚಯ.
ನಡುವಿನದನ್ನು ಹಾರಿ ಬಂದವರನ್ನು
ಹೊಸ್ತಿಲಲ್ಲೇ ನಿಲ್ಲಿಸಿ ಹೆಸರು ಕೇಳುತ್ತದೆ,
ಹೇಳಿದರೂ ನಂಬುವುದಿಲ್ಲ.

ಮೊದಲು ಬ್ಯಾಕಪ್. ಅದನ್ನು ಬೇರೆ ಯಂತ್ರದಲ್ಲಿ ತೆರೆದೂ ನೋಡಿದೆ.
ತೆರೆದು ನೋಡದ ಬ್ಯಾಕಪ್
ಗೋಡೆಯ ಮೇಲೆ ಬರೆದ ಕಿಟಕಿ.

ಆಮೇಲೆ ಒಂದೊಂದೇ.
ಯಾವುದೋ ದ್ವೀಪದವರು ಗಡಿಯಾರವನ್ನು
ಒಂದು ಗಂಟೆ ಹಿಂದಿಟ್ಟರಂತೆ, ಅದು ನಮ್ಮ ಸರ್ವರಿಗೂ ತಿಳಿದಿರಬೇಕಂತೆ.
ಒಂದಕ್ಷರದ ಬಾಲ ತಿದ್ದಿದ್ದಾರೆ.
ಒಂದರ ಟಿಪ್ಪಣಿ ಓದಿ ಮಾತ್ರ ಕೈ ನಿಂತಿತು:
ಹೊರಗಿನ ಯಾರು ಬೇಕಾದರೂ ಪಾಸ್‌ವರ್ಡಿಲ್ಲದೆ ಒಳಬರಬಹುದಿತ್ತು.
ದಿಡ್ಡಿ ಬಾಗಿಲು ನಾಲ್ಕು ವರ್ಷ ತೆರೆದೇ ಇತ್ತು.
ಕೋಟೆ ಸೂರೆಯಾಗಲಿಲ್ಲ.
ದಾರ್ಖಾನ್ ಎಲ್ಲಿದೆಯೆಂದು ಕಳ್ಳರಿಗೆ ಗೊತ್ತಿರಲಿಲ್ಲ, ಅಷ್ಟೆ.

ಮೇಲೆ, ಫ್ರಿಜ್ಜಿನ ಪಕ್ಕ, ದುಲಾಮ್‌ಸುರೆನ್
ಗೆರೆ ಹೊಡೆದ ನೋಟುಬುಕ್ಕು ಬಿಚ್ಚಿಕೊಂಡು ಕೂತಿದ್ದಾಳೆ.
ನಾಲ್ಕು ಗಂಟೆ ಕಾಲ ಈ ಊರಿನ ರಕ್ತವೆಲ್ಲ ಅವಳ ಕೈಬರಹದಲ್ಲಿ.
ಖುಷಿಯಾಗಿದ್ದಾಳೆ.
ನಿನ್ನ ಡಬ್ಬ ಬರುವ ಮೊದಲೂ ರಕ್ತ ಕೆಂಪಗೇ ಇತ್ತು ಮಗಳೇ, ಎಂದಳು,
ಉಪ್ಪು ಹಾಕಿದ ಹಾಲುಚಹಾ ಕೊಟ್ಟಳು.

ಮೂರೂ ಹತ್ತಕ್ಕೆ ಗಂಟೆ.
ಆಸ್ಪತ್ರೆಯ ಡ್ರೈವರ್. ಹೆರಿಗೆ, ರಕ್ತ ನಿಲ್ಲುತ್ತಿಲ್ಲ,
ಬಿ ನೆಗೆಟಿವ್, ಎರಡು ಚೀಲ.
ನನ್ನ ಪರದೆ ಅರವತ್ತೊಂದು ಪ್ರತಿಶತದಲ್ಲಿತ್ತು. ಆರಿಸಬೇಡಿ, ಎಂದಿತ್ತು.
ಓಡಿ ಮೇಲೆ ಹೋದೆ, ಹೋಗಿ ಮಾಡುವುದೇನೂ ಇರಲಿಲ್ಲ.
ಅವಳಾಗಲೇ ಎರಡನೇ ಅರೆಯಿಂದ ಚೀಲ ತೆಗೆದು
ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದಳು, ಅವನೂ ಓದಿದ,
ಮತ್ತೆ ಅವಳು.
ಸಹಿಗೆ ಅವನ ಪೆನ್ನು ಬರೆಯಲಿಲ್ಲ, ಶಾಯಿ ಹೆಪ್ಪುಗಟ್ಟಿತ್ತು.
ಬಾಯಿ ಹತ್ತಿರ ಹಿಡಿದು ಊದಿದ, ಕೂಸಿಗೆ ಗಂಜಿ ಆರಿಸುವವನಂತೆ,
ಬಿಸಿ ಮಾಡುತ್ತಿದ್ದ.
ಬಾಗಿಲು ಮುಚ್ಚಿತು. ಜೀಪು ಮೂರನೆಯ ಸಲಕ್ಕೆ ಹೊತ್ತಿತು.

ನಾಲ್ಕೂ ಇಪ್ಪತ್ತಕ್ಕೆ ರೀಬೂಟ್.
ಪರದೆ ಕಪ್ಪು.
ಮೂಲೆಯಲ್ಲಿ ಕರ್ಸರ್ ಮಿಟುಕುತ್ತದೆ, ಮಿಟುಕುತ್ತದೆ.
ಎಣಿಸಿದೆ. ತೊಂಬತ್ತರವರೆಗೆ ಎಣಿಸಿದ್ದು ನೆನಪಿದೆ.
ಆಮೇಲೆ ಅದು ಎದ್ದು, ಏನೂ ಆಗದವರ ಹಾಗೆ,
ನನ್ನ ಹೆಸರು ಕೇಳಿತು.

ನೋಟುಬುಕ್ಕಿನ ಸಾಲುಗಳನ್ನು ಡೇಟಾಬೇಸಿಗೆ ತುಂಬಿದೆ.
ಎರಡನೇ ಚೀಲದ ಕೊನೆಯ ಅಂಕಿ ಒಂದೋ ಏಳೋ ತಿಳಿಯದೆ
ಕೇಳಿದರೆ, ಏಳು ಎಂದಳು.
ನಾನು ಒಂದಕ್ಕೆ ಟೋಪಿ ಹಾಕುವುದಿಲ್ಲ.
ಆದರೂ ಹೋಗಿ ಫ್ರಿಜ್ಜು ತೆರೆದೆ. ಒಂದು ಅಲ್ಲೇ ಇತ್ತು.
ಅವಳು ಬೇಜಾರು ಮಾಡಿಕೊಳ್ಳಲಿಲ್ಲ,
ಅವಳೂ ಎದ್ದು ಬಂದು ನನ್ನ ಭುಜದ ಮೇಲಿಂದ ನೋಡಿದಳು.

ಆಸ್ಪತ್ರೆಯಿಂದ ಫೋನು ಬಂದಿಲ್ಲ.
ಬರುವ ಪದ್ಧತಿಯೂ ಇಲ್ಲ.

ಬಾಕಿ ಸೊನ್ನೆ, ಎಂದಿತು ಪರದೆ.
ದೀಪ ಆರಿಸಿ, ಕೈಗವಸು ತೊಟ್ಟು, ಕೀಲಿ ಹಾಕುವ ಮುಂಚೆ
ಸುಮ್ಮನೆ ಇನ್ನೊಮ್ಮೆ ನೋಡಿದೆ.
ಬಾಕಿ ಎರಡು.
ಒಂದು ಕೈಗವಸು ಕಳಚಿದೆ.